ನಾಯಿಮರಿಯೋ, ಬೆಕ್ಕಿನ ಮರಿಯೋ? : ಮಹಾನಗರದ ಸಂಸಾರಕ್ಕೊಂದು ಲೆಕ್ಕಾಚಾರ

ಕೌಪೀನವನ್ನು ಇಲಿಗಳಿಂದ ಕಾಪಾಡಿಕೊಳ್ಳಲೆಂದು ಬೆಕ್ಕನ್ನು ಸಾಕಿದ ಸಂನ್ಯಾಸಿಯ ಕಥೆಯನ್ನು ಕೇಳದ ಕನ್ನಡಿಗರಿಲ್ಲ. ಬೆಕ್ಕಿಗೆ ಹಾಲು ಬೇಕಾಯಿತು. ಹಾಲಿಗೆ ಹಸು ಬೇಕಾಯಿತು. ಹಸುವಿಗೆ ಹುಲ್ಲು, ಹುಲ್ಲಿಗೆ ಹೊಲ, ಹೊಲಕ್ಕೆ ಆಳು, ಕಡೆಗೆ ಇವೆಲ್ಲವನ್ನೂ ನೋಡಿಕೊಳ್ಳಲು ಹೆಂಡತಿಯೂ ಬೇಕಾಗಿ ಸಂನ್ಯಾಸಿಯು ಸಂಸಾರಿಯಾದನು. ತೆನಾಲಿ ರಾಮಕೃಷ್ಣನ ಕಥೆಯಲ್ಲಿ ಕೃಷ್ಣದೇವರಾಯನು ಮನೆಮನೆಗೆ ಬೆಕ್ಕನ್ನು ಹಂಚಿದಾಗ ಅದರ ಹಾಲಿಗಾಗಿ ಒಂದೊಂದು ಹಸುವನ್ನೂ ಕೊಡಬೇಕಾಯಿತು. ಸಾಕುಪ್ರಾಣಿಯ ವೆಚ್ಚವು ಅದನ್ನು ಮನೆಗೆ ತಂದ ದಿನ ಮುಗಿಯುವುದಿಲ್ಲ, ಆ ದಿನ ಪ್ರಾರಂಭವಾಗುತ್ತದೆ ಎಂಬ ಸಂಗತಿ ಹಿರಿಯರಿಗೆ ಚೆನ್ನಾಗಿ ತಿಳಿದಿತ್ತು.

ಮಹಾನಗರಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಈಗ ಈ ಪ್ರಶ್ನೆ ಮತ್ತೆ ತಲೆಯೆತ್ತಿದೆ. ಡೊಂಬಿವಲಿಯ ಎರಡು ಕೋಣೆಗಳ ಮನೆಯಾಗಲಿ, ಪುಣೆಯ ಹೊಸ ಬಡಾವಣೆಯ ಹನ್ನೊಂದನೆಯ ಮಹಡಿಯಾಗಲಿ, ಮಕ್ಕಳ ಬೇಡಿಕೆ ಒಂದೇ: “ಒಂದು ಮರಿ ತಂದುಕೊಡಿ.” ಒಬ್ಬನೇ ಮಗನೋ ಒಬ್ಬಳೇ ಮಗಳೋ ಇರುವ ಮನೆಯಲ್ಲಿ, ತಂದೆತಾಯಿಗಳಿಬ್ಬರೂ ಉದ್ಯೋಗಕ್ಕೆ ಹೋಗುವಾಗ, ಈ ಬೇಡಿಕೆ ಸಹಜವಾದುದೇ. ಆದರೆ ಅದಕ್ಕೆ ಉತ್ತರ ಕೊಡುವ ಮುನ್ನ ನಾಯಿಮರಿಗೆ ಎಷ್ಟು ಖರ್ಚು, ಬೆಕ್ಕಿನ ಮರಿಗೆ ಎಷ್ಟು ಖರ್ಚು ಎಂದು ಕಾಗದ ಹಿಡಿದು ಲೆಕ್ಕ ಹಾಕುವ ಮನೆಗಳು ವಿರಳ. “ಬೆಕ್ಕು ಅಗ್ಗ, ನಾಯಿ ದುಬಾರಿ” ಎಂಬ ಮಾತು ಎಲ್ಲೆಡೆಯೂ ಕೇಳಿಬರುತ್ತದೆ. ಈ ಮಾತು ಅರ್ಧ ಸತ್ಯ ಮಾತ್ರ. ಅರ್ಧ ಸತ್ಯವನ್ನು ನಂಬಿ ತಂದ ಮರಿಗಳೇ ಒಂದೆರಡು ವರ್ಷಗಳಲ್ಲಿ ಬೀದಿಪಾಲಾಗುತ್ತವೆ.

ಊರಿನ ಲೆಕ್ಕ, ಪಟ್ಟಣದ ಲೆಕ್ಕ

ಊರಿನಲ್ಲಿ ನಾಯಿ ಬೆಕ್ಕುಗಳಿಗೆ ಪ್ರತ್ಯೇಕ ಖರ್ಚೆಂಬುದು ಇರಲಿಲ್ಲ. ನಾಯಿ ಅಂಗಳದಲ್ಲಿ ಮಲಗಿ, ಉಳಿದ ಮುದ್ದೆಯನ್ನೋ ಅನ್ನ ಮಜ್ಜಿಗೆಯನ್ನೋ ತಿಂದು, ಹೊಲದ ಬದುವಿನಲ್ಲಿ ಓಡಾಡಿಕೊಂಡಿರುತ್ತಿತ್ತು. ಬೆಕ್ಕು ಅಟ್ಟದ ಮೇಲಿನ ಇಲಿಗಳನ್ನೂ ಹಿತ್ತಲಿನ ಓತಿಕೇತಗಳನ್ನೂ ಹಿಡಿದು ತಿನ್ನುತ್ತಿತ್ತು. ಮನೆಯವರು ಕೊಡುತ್ತಿದ್ದ ಹಾಲು ಅದಕ್ಕೆ ಊಟವಲ್ಲ, ಉಪಚಾರ. ಎರಡೂ ಪ್ರಾಣಿಗಳು ದುಡಿದು ತಿನ್ನುತ್ತಿದ್ದವು. ಅವುಗಳಲ್ಲಿ ಎಷ್ಟೋ ಮರಿಗಳು ರೋಗಕ್ಕೆ ತುತ್ತಾಗಿ ಸಾಯುತ್ತಿದ್ದವು ಎಂಬುದನ್ನೂ ಮರೆಯುವಂತಿಲ್ಲ. ಆ ಸಾವುಗಳಿಗೆ ಯಾರೂ ಲೆಕ್ಕವಿಡಲಿಲ್ಲ, ಅಷ್ಟೆ.

ಪಟ್ಟಣದ ಮನೆಯಲ್ಲಿ ಅಂಗಳವಿಲ್ಲ, ಅಟ್ಟವಿಲ್ಲ, ಹಿತ್ತಲಿಲ್ಲ. ಪ್ರಾಣಿಯ ಪ್ರತಿಯೊಂದು ಅಗತ್ಯವೂ ಯಜಮಾನನ ಜೇಬಿನಿಂದಲೋ ಸಮಯದಿಂದಲೋ ಪೂರೈಕೆಯಾಗಬೇಕು. ಈ ವ್ಯತ್ಯಾಸವನ್ನು ಗಮನಿಸದೆ ಊರಿನ ನೆನಪಿನ ಬಲದ ಮೇಲೆ ಪ್ರಾಣಿಯನ್ನು ತರುವುದು ಸರಿಯಲ್ಲ.

ಮರಿಯ ಬೆಲೆ

ಮೊದಲನೆಯ ಖರ್ಚು ಮರಿಯ ಬೆಲೆ. ಬೀದಿಯಲ್ಲಿ ಹುಟ್ಟಿದ ದೇಶಿ ನಾಯಿಮರಿಯಾಗಲಿ, ಸಾಮಾನ್ಯ ಬೆಕ್ಕಿನ ಮರಿಯಾಗಲಿ ಬೆಲೆಯಿಲ್ಲದೆಯೇ ದೊರೆಯುತ್ತವೆ. ಪ್ರಾಣಿದಯಾ ಸಂಘಗಳು ಯೋಗ್ಯ ಮನೆಗಳಿಗಾಗಿ ಹುಡುಕುತ್ತಲೇ ಇರುತ್ತವೆ. ತಳಿಯ ಹುಚ್ಚು ಹತ್ತಿದವರಿಗೆ ಮಾತ್ರ ಇಲ್ಲಿ ಸಾವಿರಾರು ರೂಪಾಯಿಗಳ ವೆಚ್ಚ. 1994ರಲ್ಲಿ ತೆರೆಕಂಡ ಒಂದು ಹಿಂದಿ ಚಿತ್ರದ ಬಳಿಕ ಬಿಳಿಯ ಸ್ಪಿಟ್ಸ್ ನಾಯಿಗೂ, 2003ರಲ್ಲಿ ಒಂದು ದೂರವಾಣಿ ಸಂಸ್ಥೆಯ ಜಾಹೀರಾತಿನ ಬಳಿಕ ಪಗ್ ನಾಯಿಗೂ ನಗರಗಳಲ್ಲಿ ಎಲ್ಲಿಲ್ಲದ ಬೇಡಿಕೆ ಹುಟ್ಟಿತು. ಪಗ್ ನಾಯಿಯ ಮೋಟು ಮೂತಿಯು ನೋಡಲು ಮುದ್ದಾಗಿದ್ದರೂ ಆ ಮೂತಿಯ ರಚನೆಯಿಂದಲೇ ಅದಕ್ಕೆ ಉಸಿರಾಟದ ತೊಂದರೆ. ನಾಯಿಯು ಮುಖ್ಯವಾಗಿ ಏದುಸಿರಿನ ಮೂಲಕವೇ ದೇಹದ ತಾಪವನ್ನು ಇಳಿಸಿಕೊಳ್ಳುವ ಪ್ರಾಣಿ. ಆದುದರಿಂದ ಚೆನ್ನೈ, ಹೈದರಾಬಾದುಗಳ ಬೇಸಗೆಯಲ್ಲಿ ಪಗ್ ಸಾಕುವುದು ಅದಕ್ಕೂ ಹಿಂಸೆ, ಯಜಮಾನನಿಗೂ ವೈದ್ಯರ ಖರ್ಚು. ಹಿಮಪ್ರದೇಶದ ಹಸ್ಕಿ, ಸೇಂಟ್ ಬರ್ನಾರ್ಡ್ ನಾಯಿಗಳನ್ನು ಮುಂಬಯಿಯ ಸೆಕೆಯಲ್ಲಿ ಸಾಕುವವರು ತಿಂಗಳ ವಿದ್ಯುತ್ ಬಿಲ್ಲನ್ನೂ ನಾಯಿಯ ಲೆಕ್ಕಕ್ಕೇ ಸೇರಿಸಬೇಕಾಗುತ್ತದೆ. ಉದ್ದ ರೋಮದ ಪರ್ಷಿಯನ್ ಬೆಕ್ಕಿಗೂ ಇದೇ ಮಾತು ಅನ್ವಯಿಸುತ್ತದೆ. ದಿನವೂ ಬಾಚದಿದ್ದರೆ ಅದರ ರೋಮ ಗಂಟುಕಟ್ಟಿ ಚರ್ಮರೋಗಕ್ಕೆ ದಾರಿಯಾಗುತ್ತದೆ.

ಕರ್ನಾಟಕದ ಅಭಿಮಾನದಿಂದ ಮುಧೋಳ ನಾಯಿಯನ್ನು ತರಲು ಬಯಸುವವರೂ ಉಂಟು. ಬಾಗಲಕೋಟೆ ಜಿಲ್ಲೆಯ ಈ ಬೇಟೆನಾಯಿಗೆ 2005ರಲ್ಲಿ ಅಂಚೆಚೀಟಿಯ ಗೌರವ ದೊರೆತಿದೆ; ಸೇನೆಯೂ ಅದನ್ನು ತರಬೇತಿಗೆ ತೆಗೆದುಕೊಂಡಿದೆ. ಅಭಿಮಾನವೇನೋ ಮೆಚ್ಚತಕ್ಕದ್ದೇ. ಆದರೆ ಬಯಲಿನಲ್ಲಿ ಮೊಲವನ್ನು ಬೆನ್ನಟ್ಟಲೆಂದು ಬೆಳೆದ ಪ್ರಾಣಿಯನ್ನು ನಾಲ್ಕು ಗೋಡೆಗಳ ನಡುವೆ ಕಟ್ಟಿಹಾಕುವುದು ಅಭಿಮಾನಕ್ಕೆ ತಕ್ಕ ಕೆಲಸವಲ್ಲ.

ಲಸಿಕೆ ಮತ್ತು ವೈದ್ಯಕೀಯ ವೆಚ್ಚ

ಮೊದಲ ವರ್ಷದ ವೈದ್ಯಕೀಯ ವೆಚ್ಚದಲ್ಲಿ ನಾಯಿಗೂ ಬೆಕ್ಕಿಗೂ ಹೆಚ್ಚಿನ ಅಂತರವಿಲ್ಲ. ನಾಯಿಮರಿಗೆ ಆರರಿಂದ ಎಂಟು ವಾರಗಳಾದಾಗ ಡಿಸ್ಟೆಂಪರ್, ಪಾರ್ವೋ, ಹೆಪಟೈಟಿಸ್ ಮೊದಲಾದ ರೋಗಗಳ ವಿರುದ್ಧ ಸಂಯುಕ್ತ ಲಸಿಕೆ ಪ್ರಾರಂಭವಾಗಿ, ಮೂರು ನಾಲ್ಕು ವಾರಗಳಿಗೊಮ್ಮೆ ಹದಿನಾರು ವಾರಗಳವರೆಗೆ ಮುಂದುವರಿಯಬೇಕು. ಬೆಕ್ಕಿನ ಮರಿಗೂ ಅದೇ ವಯಸ್ಸಿನಲ್ಲಿ, ಅದೇ ಅಂತರದಲ್ಲಿ, ಬೆಕ್ಕುಗಳ ಕರುಳುಬೇನೆ ಮತ್ತು ಶ್ವಾಸರೋಗಗಳ ವಿರುದ್ಧ ಸಂಯುಕ್ತ ಲಸಿಕೆಯುಂಟು. ಮೂರು ತಿಂಗಳು ತುಂಬಿದಾಗ ಎರಡಕ್ಕೂ ರೇಬೀಸ್ ಲಸಿಕೆ, ಮುಂದೆ ವೈದ್ಯರು ಹೇಳಿದಂತೆ ಅದರ ಪುನರಾವರ್ತನೆ. ಜಂತುಹುಳುವಿನ ಔಷಧಿಯನ್ನು ಮೊದಲ ಮೂರು ತಿಂಗಳು ಹದಿನೈದು ದಿನಗಳಿಗೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಅನಂತರ ಮೂರು ತಿಂಗಳಿಗೊಮ್ಮೆ ಕೊಡುವುದು ವಾಡಿಕೆ. ಔಷಧಿಯ ಪ್ರಮಾಣ ದೇಹದ ತೂಕವನ್ನು ಅವಲಂಬಿಸಿರುವುದರಿಂದ ದೊಡ್ಡ ನಾಯಿಗೆ ಖರ್ಚು ಹೆಚ್ಚು.

ಈ ಖರ್ಚನ್ನು ಉಳಿಸಲು ಹೋಗಿ ಕೈಸುಟ್ಟುಕೊಳ್ಳುವವರು ಬಹಳ. 1978ರ ಸುಮಾರಿಗೆ ಕಾಣಿಸಿಕೊಂಡು ಜಗತ್ತಿನಾದ್ಯಂತ ಹಬ್ಬಿದ ಪಾರ್ವೋ ರೋಗವು ಲಸಿಕೆ ಹಾಕಿಸದ ನಾಯಿಮರಿಗಳನ್ನು ವಾಂತಿ, ರಕ್ತಭೇದಿಗಳಿಂದ ಕೆಲವೇ ದಿನಗಳಲ್ಲಿ ಕೊಲ್ಲಬಲ್ಲುದು. ಹಲವು ದಿನ ಸಲೈನ್ ಏರಿಸಿ ಉಳಿಸಿಕೊಳ್ಳಲು ತಗಲುವ ವೆಚ್ಚವು ಲಸಿಕೆಯ ಬೆಲೆಯ ಹತ್ತಾರು ಪಟ್ಟು. ಅಷ್ಟಾದರೂ ಮರಿ ಉಳಿಯುತ್ತದೆಂಬ ಭರವಸೆಯಿಲ್ಲ.

ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಮೊದಲ ವರ್ಷದ ಲೆಕ್ಕದಲ್ಲಿಯೇ ಸೇರಿಸಿಕೊಳ್ಳುವುದು ಜಾಣತನ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಗರ್ಭ ಧರಿಸಬಲ್ಲುದು. ಅದರ ಗರ್ಭಾವಧಿ ಎರಡು ತಿಂಗಳಿಗಿಂತ ಸ್ವಲ್ಪ ಹೆಚ್ಚು ಮಾತ್ರ. ಇಂದು ಒಂದು ಮರಿಯನ್ನು ತಂದವರು ವರ್ಷ ತುಂಬುವುದರೊಳಗೆ ಐದಾರರ ಯಜಮಾನರಾಗಬಹುದು. ಗಂಡು ಬೆಕ್ಕಿನ ಶಸ್ತ್ರಚಿಕಿತ್ಸೆ ಸುಲಭ ಮತ್ತು ಅಗ್ಗ. ಹೆಣ್ಣಿನದು ಹೊಟ್ಟೆ ತೆರೆಯುವ ಚಿಕಿತ್ಸೆಯಾದುದರಿಂದ ಹೆಚ್ಚು ವೆಚ್ಚದ್ದು. ದೊಡ್ಡ ಹೆಣ್ಣು ನಾಯಿಯದು ಇನ್ನೂ ಹೆಚ್ಚು. ಖಾಸಗಿ ಚಿಕಿತ್ಸಾಲಯಗಳ ದರ ಭಾರವೆನಿಸುವವರು ಪಶುವೈದ್ಯ ಕಾಲೇಜುಗಳ ಆಸ್ಪತ್ರೆಗಳನ್ನು ಮರೆಯಬಾರದು. ಚೆನ್ನೈನ ವೇಪೇರಿಯಲ್ಲಿರುವ ಮದ್ರಾಸ್ ಪಶುವೈದ್ಯ ಕಾಲೇಜು, ಮುಂಬಯಿಯ ಪರೇಲ್‌ನಲ್ಲಿರುವ ಪಶುವೈದ್ಯ ಕಾಲೇಜು ಮತ್ತು ಬಾಯಿ ಸಕರಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆಗಳು ನೂರಕ್ಕೂ ಹೆಚ್ಚು ವರ್ಷಗಳಿಂದ ಈ ಸೇವೆಯಲ್ಲಿವೆ.

ಆಹಾರದ ಲೆಕ್ಕ

ಎರಡು ಪ್ರಾಣಿಗಳ ನಡುವಣ ನಿಜವಾದ ಅಂತರ ಕಾಣುವುದು ತಟ್ಟೆಯಲ್ಲಿ. ನಾಲ್ಕು ಕಿಲೋ ತೂಗುವ ಬೆಳೆದ ಬೆಕ್ಕಿಗೆ ದಿನಕ್ಕೆ ಸುಮಾರು 240 ಕ್ಯಾಲೊರಿ ಸಾಕು. ಹನ್ನೆರಡು ಕಿಲೋ ತೂಕದ ದೇಶಿ ನಾಯಿಗೆ ಸುಮಾರು 720, ಮೂವತ್ತು ಕಿಲೋ ತೂಗುವ ಲ್ಯಾಬ್ರಡಾರ್ ನಾಯಿಗೆ 1400ಕ್ಕೂ ಹೆಚ್ಚು ಕ್ಯಾಲೊರಿಗಳು ಬೇಕು. ಅಂಗಡಿಯ ಒಣ ಆಹಾರದ ಲೆಕ್ಕದಲ್ಲಿ ಹೇಳುವುದಾದರೆ ಬೆಕ್ಕಿಗೆ ತಿಂಗಳಿಗೆ 2 ಕಿಲೋ, ದೇಶಿ ನಾಯಿಗೆ 6 ಕಿಲೋ, ಲ್ಯಾಬ್ರಡಾರ್‌ಗೆ 12 ಕಿಲೋ. ಬೆಳೆಯುವ ಮರಿಗೆ ಅದರ ತೂಕಕ್ಕೆ ಹೋಲಿಸಿದರೆ ಇದರ ಎರಡು ಪಾಲಿನಷ್ಟು ಆಹಾರ ಬೇಕೆಂಬುದನ್ನೂ ಗಮನಿಸಬೇಕು.

ಇಷ್ಟರಿಂದಲೇ ಬೆಕ್ಕು ಅಗ್ಗವೆಂದು ತೀರ್ಮಾನಿಸುವಂತಿಲ್ಲ. ಬೆಕ್ಕಿನ ಆಹಾರ ಕಿಲೋ ಲೆಕ್ಕದಲ್ಲಿ ನಾಯಿಯ ಆಹಾರಕ್ಕಿಂತ ಸಾಮಾನ್ಯವಾಗಿ ದುಬಾರಿ. ಮೇಲಾಗಿ ಬೆಕ್ಕಿಗೆ ಮನೆಯೊಳಗೆ ಶೌಚದ ತಟ್ಟೆಯೂ ಅದಕ್ಕೆ ಹಾಕುವ ಮರಳಿನಂಥ ಜೇಡಿಮಣ್ಣಿನ ಹರಳೂ ಬೇಕು. ಲೆಕ್ಕದ ಅನುಕೂಲಕ್ಕಾಗಿ ನಾಯಿಯ ಆಹಾರಕ್ಕೆ ಕಿಲೋಗೆ 300 ರೂಪಾಯಿ, ಬೆಕ್ಕಿನದಕ್ಕೆ 450 ರೂಪಾಯಿ, ಶೌಚದ ಹರಳಿಗೆ ಕಿಲೋಗೆ 60 ರೂಪಾಯಿಯಂತೆ ತಿಂಗಳಿಗೆ 8 ಕಿಲೋ ಎಂದು ಹಿಡಿಯೋಣ. ಆಗ ತಿಂಗಳ ವೆಚ್ಚ ಬೆಕ್ಕಿಗೆ 1,380 ರೂಪಾಯಿ, ದೇಶಿ ನಾಯಿಗೆ 1,800 ರೂಪಾಯಿ, ಲ್ಯಾಬ್ರಡಾರ್‌ಗೆ 3,600 ರೂಪಾಯಿ. ಅವರವರ ಬಡಾವಣೆಯ ಅಂಗಡಿಯ ದರವನ್ನು ಹಾಕಿಕೊಂಡು ಓದುಗರು ಈ ಲೆಕ್ಕವನ್ನು ತಿದ್ದಿಕೊಳ್ಳಬಹುದು. ಬೆಕ್ಕಿಗೂ ಮಧ್ಯಮ ಗಾತ್ರದ ದೇಶಿ ನಾಯಿಗೂ ಇರುವ ಅಂತರ ಜನ ಭಾವಿಸಿರುವಷ್ಟು ದೊಡ್ಡದಲ್ಲ. ದೇಶಿ ನಾಯಿಗೂ ಲ್ಯಾಬ್ರಡಾರ್‌ಗೂ ಇರುವ ಅಂತರವೇ ದೊಡ್ಡದು.

ಇನ್ನು ಆಯುಷ್ಯದ ಲೆಕ್ಕ. ಮನೆಯೊಳಗೇ ಬೆಳೆದ ಬೆಕ್ಕು ಹದಿನೈದು ವರ್ಷ ಬಾಳುವುದು ಅಪರೂಪವಲ್ಲ. ದೇಶಿ ನಾಯಿಗೆ ಹದಿಮೂರು, ಲ್ಯಾಬ್ರಡಾರ್‌ಗೆ ಹನ್ನೊಂದು ವರ್ಷಗಳೆಂದು ಹಿಡಿದರೆ, ಇಂದಿನ ದರದಲ್ಲಿಯೇ ಆಹಾರ ಮತ್ತು ಶೌಚದ ವ್ಯವಸ್ಥೆಗೆ ಬೆಕ್ಕಿಗೆ ಸುಮಾರು ಎರಡೂವರೆ ಲಕ್ಷ, ದೇಶಿ ನಾಯಿಗೆ ಎರಡು ಲಕ್ಷ ಎಂಬತ್ತು ಸಾವಿರ, ಲ್ಯಾಬ್ರಡಾರ್‌ಗೆ ನಾಲ್ಕು ಮುಕ್ಕಾಲು ಲಕ್ಷ ರೂಪಾಯಿಗಳಾಗುತ್ತವೆ. ಮರಿಯನ್ನು ಕೇಳುವ ಮಗ ಇಂದು ನಾಲ್ಕನೆಯ ತರಗತಿಯಲ್ಲಿದ್ದರೆ, ಬೆಕ್ಕು ಮುದಿಯಾಗುವ ಹೊತ್ತಿಗೆ ಅವನು ಉದ್ಯೋಗಕ್ಕೆ ಸೇರಿ ಬೇರೆ ಊರಿನಲ್ಲಿರುತ್ತಾನೆ. ಆಗ ಅದನ್ನು ನೋಡಿಕೊಳ್ಳಬೇಕಾದವರು ನಿವೃತ್ತರಾದ ತಂದೆತಾಯಿಗಳೇ.

ಸಸ್ಯಾಹಾರಿ ಮನೆಯ ಪ್ರಶ್ನೆ

ಕನ್ನಡಿಗರ ಅನೇಕ ಮನೆಗಳು ಸಸ್ಯಾಹಾರದವು. ಇಂಥ ಮನೆಗಳಲ್ಲಿ “ನಾಯಿ ಮಾಂಸ ತಿನ್ನುತ್ತದೆ, ಬೆಕ್ಕಾದರೆ ಹಾಲು ಅನ್ನದಲ್ಲಿ ಬದುಕುತ್ತದೆ” ಎಂದು ಬೆಕ್ಕನ್ನು ಆರಿಸಿಕೊಳ್ಳುವುದುಂಟು. ವಾಸ್ತವವು ಇದಕ್ಕೆ ತೀರ ವಿರುದ್ಧವಾಗಿದೆ. ನಾಯಿ ಮಿಶ್ರಾಹಾರಿ, ಅನ್ನ, ಬೇಳೆ, ಮೊಸರು, ಮೊಟ್ಟೆ, ತರಕಾರಿಗಳನ್ನು ವೈದ್ಯರ ಸಲಹೆಯಂತೆ ಹೊಂದಿಸಿದರೆ ಆರೋಗ್ಯವಾಗಿರಬಲ್ಲುದು. ಬೆಕ್ಕು ಮಾತ್ರ ಹುಟ್ಟಿನಿಂದಲೇ ಮಾಂಸಾಹಾರಿ. ಮಾಂಸ ಮೀನುಗಳಲ್ಲಿ ದೊರೆಯುವ ಟಾರಿನ್ ಎಂಬ ವಸ್ತುವನ್ನು ಅದರ ದೇಹವು ಸಾಕಷ್ಟು ತಯಾರಿಸಿಕೊಳ್ಳಲಾರದು. ಟಾರಿನ್ ಕೊರತೆಯಿಂದ ಬೆಕ್ಕಿನ ಕಣ್ಣು ಕುರುಡಾಗುವುದನ್ನು 1975ರಲ್ಲಿಯೂ, ಹೃದಯ ಹಿಗ್ಗಿ ದುರ್ಬಲವಾಗುವುದನ್ನು 1987ರಲ್ಲಿಯೂ ವಿಜ್ಞಾನಿಗಳು ತೋರಿಸಿಕೊಟ್ಟರು. ಗಜ್ಜರಿಯಲ್ಲಿರುವ ಬಣ್ಣದ ಅಂಶದಿಂದ ‘ಎ’ ಜೀವಸತ್ವವನ್ನು ಮಾಡಿಕೊಳ್ಳುವ ಶಕ್ತಿಯೂ ಬೆಕ್ಕಿಗಿಲ್ಲ. ಹಾಲಂತೂ ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಜೀರ್ಣವೇ ಆಗದೆ ಭೇದಿಯುಂಟುಮಾಡುತ್ತದೆ. ಊರಿನ ಬೆಕ್ಕು ಹಾಲು ಅನ್ನ ತಿಂದು ಕೊಬ್ಬಿತ್ತೆಂದು ಹೇಳುವವರು ಅದು ಹಿಡಿಯುತ್ತಿದ್ದ ಇಲಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಮೀನು ಮಾಂಸಗಳ ಆಹಾರ ಮನೆಯ ಹೊಸ್ತಿಲು ದಾಟಕೂಡದೆಂಬ ನಿಯಮವಿರುವ ಮನೆಗೆ ಬೆಕ್ಕನ್ನು ತರುವುದು ಆ ಪ್ರಾಣಿಗೆ ಮಾಡುವ ಅನ್ಯಾಯ.

ಮನೆಯಲ್ಲಿ ಮಿಕ್ಕಿದ್ದನ್ನು ಹಾಕಿ ಉಳಿತಾಯ ಮಾಡುವವರೂ ಎಚ್ಚರದಿಂದಿರಬೇಕು. ಈರುಳ್ಳಿ, ಬೆಳ್ಳುಳ್ಳಿಗಳು ನಾಯಿ ಬೆಕ್ಕುಗಳೆರಡರ ರಕ್ತಕಣಗಳನ್ನೂ ನಾಶಮಾಡುತ್ತವೆ. ಆದುದರಿಂದ ಈರುಳ್ಳಿ ಹುಳಿ ಬೆರೆಸಿದ ಅನ್ನ ಕೂಡದು. ಪಾಯಸದ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ಅಪಾಯಕರ. ಚಾಕೊಲೇಟ್ ಕೂಡ ವಿಷವೇ. ಜ್ವರವೆಂದು ತಾವೇ ಔಷಧಿ ಕೊಡುವ ಅಭ್ಯಾಸವಂತೂ ಸರ್ವಥಾ ಸಲ್ಲದು. ಮನುಷ್ಯರು ನಿತ್ಯವೂ ಬಳಸುವ ಪ್ಯಾರಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲುದು.

ಹಣದಲ್ಲಿ ಕಾಣದ ವೆಚ್ಚ

ಈವರೆಗೆ ಹೇಳಿದ್ದು ರೂಪಾಯಿಗಳ ಲೆಕ್ಕ. ನಾಯಿಯ ನಿಜವಾದ ದುಬಾರಿತನ ಸಮಯದಲ್ಲಿದೆ. ಬೆಳಿಗ್ಗೆ ಸಂಜೆಗಳಲ್ಲಿ ಅರ್ಧರ್ಧ ಗಂಟೆ ಹೊರಗೆ ಕರೆದೊಯ್ದರೂ ವರ್ಷಕ್ಕೆ 365 ಗಂಟೆಗಳಾಗುತ್ತವೆ. ಎಂದರೆ ಎಂಟು ಗಂಟೆಗಳ ಸುಮಾರು 45 ಕೆಲಸದ ದಿನಗಳು. ಮುಂಜಾನೆ ಆರೂವರೆಯ ಲೋಕಲ್ ಹಿಡಿದು ರಾತ್ರಿ ಎಂಟಕ್ಕೆ ಮರಳುವ ಗೃಹಸ್ಥನು ಈ ಹೊತ್ತನ್ನು ಎಲ್ಲಿಂದ ತರಬೇಕು? ಕಡೆಗೆ ಈ ಭಾರ ಮನೆಯೊಡತಿಯ ಮೇಲೆ ಬೀಳುತ್ತದೆ. ಇಲ್ಲವೆ ಸಂಬಳ ಕೊಟ್ಟು ಒಬ್ಬರನ್ನು ನೇಮಿಸಬೇಕಾಗುತ್ತದೆ. ಮಕ್ಕಳು “ನಾವೇ ನೋಡಿಕೊಳ್ಳುತ್ತೇವೆ” ಎಂದು ಕೊಡುವ ಮಾತು ಪರೀಕ್ಷೆ ಹತ್ತಿರ ಬರುವವರೆಗೆ ಮಾತ್ರ. ಹಗಲೆಲ್ಲ ಒಂಟಿಯಾಗಿ ಬೀಗ ಹಾಕಿದ ಮನೆಯಲ್ಲಿರುವ ನಾಯಿ ಬೊಗಳುತ್ತದೆ, ಚಪ್ಪಲಿ ಕಡಿಯುತ್ತದೆ, ನೆರೆಹೊರೆಯವರ ನಿಷ್ಠುರಕ್ಕೆ ಕಾರಣವಾಗುತ್ತದೆ. ಬೆಕ್ಕು ಈ ವಿಷಯದಲ್ಲಿ ಸೌಮ್ಯ; ಅನ್ನ ನೀರು ಶೌಚದ ವ್ಯವಸ್ಥೆಯಿದ್ದರೆ ಹಗಲಿನ ಒಂಟಿತನವನ್ನು ಸಹಿಸಿಕೊಳ್ಳುತ್ತದೆ. ಆದರೆ ಎತ್ತರದ ಮಹಡಿಗಳಲ್ಲಿ ಕಿಟಕಿ ಬಾಲ್ಕನಿಗಳಿಗೆ ಬಲೆ ಹಾಕಿಸುವ ಖರ್ಚನ್ನು ಬೆಕ್ಕಿನ ಲೆಕ್ಕಕ್ಕೆ ಸೇರಿಸಲೇಬೇಕು. ಪಾರಿವಾಳದ ಹಿಂದೆ ನೆಗೆದು ಬಿದ್ದು ಕೈಕಾಲು ಮುರಿದುಕೊಳ್ಳುವ ಬೆಕ್ಕುಗಳು ನಗರದ ಪಶುವೈದ್ಯರಿಗೆ ಹೊಸತಲ್ಲ.

ವಲಸೆ ಬಂದವರಿಗೆ ಇನ್ನೊಂದು ವೆಚ್ಚವುಂಟು. ಅದು ಊರಿಗೆ ಹೋಗುವ ಕಾಲದ್ದು. ಬೇಸಗೆ ರಜೆ, ಗೌರಿ ಗಣೇಶ, ದೀಪಾವಳಿ, ಮದುವೆ ಮುಂಜಿ, ಹಿರಿಯರ ಕಾಯಿಲೆ ಎಂದು ವರ್ಷಕ್ಕೆ ಮೂರು ನಾಲ್ಕು ಸಲ ಊರಿಗೆ ಹೋಗದ ಕನ್ನಡಿಗನಿಲ್ಲ. ರೈಲ್ವೆಯ ನಿಯಮದಂತೆ ನಾಯಿಯನ್ನು ಹವಾನಿಯಂತ್ರಿತ ಪ್ರಥಮ ದರ್ಜೆಯಲ್ಲಿ, ಕೂಪೆಯನ್ನೋ ಕ್ಯಾಬಿನನ್ನೋ ಪೂರ್ತಿಯಾಗಿ ಕಾಯ್ದಿರಿಸಿದವರು ಮಾತ್ರ ಜೊತೆಯಲ್ಲಿ ಒಯ್ಯಬಹುದು; ಎರಡನೆಯ, ಮೂರನೆಯ ದರ್ಜೆಯ ಹವಾನಿಯಂತ್ರಿತ ಬೋಗಿಗಳಲ್ಲಿಯೂ ಸ್ಲೀಪರ್‌ನಲ್ಲಿಯೂ ಅದಕ್ಕೆ ಪ್ರವೇಶವಿಲ್ಲ. ಉಳಿದ ದಾರಿ ಗಾರ್ಡಿನ ಬೋಗಿಯ ಪೆಟ್ಟಿಗೆ. ದೆಹಲಿಯಿಂದ ಬೆಂಗಳೂರಿಗೆ ಎರಡು ರಾತ್ರಿಗಳ ಪ್ರಯಾಣವನ್ನು ಆ ಪೆಟ್ಟಿಗೆಯಲ್ಲಿ ಮಾಡಿಸಲು ಯಾರ ಮನಸ್ಸೂ ಒಪ್ಪದು. ಹಾಗೆಂದು ನಾಯಿಯನ್ನು ದಿನಬಾಡಿಗೆಯ ವಸತಿಯಲ್ಲಿ ಬಿಟ್ಟರೆ, ದಿನಕ್ಕೆ 600 ರೂಪಾಯಿಯೆಂದು ಹಿಡಿದರೂ ಇಪ್ಪತ್ತು ದಿನಗಳ ರಜೆಗೆ 12,000 ರೂಪಾಯಿಗಳು. ಅದು ಹಲವು ತಿಂಗಳ ಆಹಾರದ ಬೆಲೆ. ಬೆಕ್ಕಾದರೆ ಮನೆಯಲ್ಲಿಯೇ ಬಿಟ್ಟು, ನಂಬಿಕೆಯ ನೆರೆಯವರು ದಿನಕ್ಕೆರಡು ಸಲ ಬಂದು ನೋಡಿಕೊಂಡರೆ ಸಾಕಾಗುತ್ತದೆ. ಈ ಒಂದು ವಿಷಯದಲ್ಲಿ ಬೆಕ್ಕೇ ವಲಸಿಗನ ಪ್ರಾಣಿ ಎಂದು ಒಪ್ಪಿಕೊಳ್ಳಬೇಕು.

ಮನೆಯವರ ಆರೋಗ್ಯ

ಪ್ರಾಣಿಯ ಆರೋಗ್ಯದಷ್ಟೇ ಮನೆಯವರ ಆರೋಗ್ಯವೂ ಮುಖ್ಯ. ಮನುಷ್ಯರಿಗೆ ತಗಲುವ ರೇಬೀಸ್ ರೋಗದಲ್ಲಿ ನೂರಕ್ಕೆ 99ರಷ್ಟು ನಾಯಿಯ ಕಡಿತದಿಂದಲೇ ಬರುವುದೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಬೆಕ್ಕಿನಿಂದಲೂ ಅದು ಬರಬಹುದು. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಚಿಕಿತ್ಸೆಯಿಲ್ಲ. ಕಾಣಿಸಿಕೊಳ್ಳುವ ಮುನ್ನ ತಡೆಯುವುದು ಮಾತ್ರ ಸಾಧ್ಯ. ಮನೆಯ ಮರಿಯೇ ಆಟದಲ್ಲಿ ಕಚ್ಚಿದರೂ ಪರಚಿದರೂ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ವೈದ್ಯರನ್ನು ಕಾಣಬೇಕು. ಅರಿಸಿನ, ಸುಣ್ಣ, ಮೆಣಸಿನ ಪುಡಿಗಳನ್ನು ಮೆತ್ತುವ ಪದ್ಧತಿ ಅಪಾಯಕರ. ಹಿರಿಯರು ಹೆದರುತ್ತಿದ್ದ, ಹೊಟ್ಟೆಗೆ ಚುಚ್ಚುತ್ತಿದ್ದ ಹದಿನಾಲ್ಕು ಇಂಜೆಕ್ಷನ್ನುಗಳ ಕಾಲ ಮುಗಿದಿದೆ. ಆ ಹಳೆಯ ಲಸಿಕೆಯ ಬಳಕೆ ಭಾರತದಲ್ಲಿ 2004ರಲ್ಲಿಯೇ ನಿಂತಿತು. ಈಗಿನದು ತೋಳಿಗೆ ಕೊಡುವ, ನಾಲ್ಕೈದು ಸಲದ ಚುಚ್ಚುಮದ್ದು. ಗಾಯ ಆಳವಾಗಿದ್ದರೆ ಜೊತೆಗೆ ರೋಗನಿರೋಧಕ ಸೀರಮ್ಮನ್ನೂ ಕೊಡಬೇಕಾಗುತ್ತದೆ.

ಬೆಕ್ಕಿನ ಮಲದ ಮೂಲಕ ಹರಡುವ ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಗರ್ಭಿಣಿಯರ ಮೂಲಕ ಭ್ರೂಣಕ್ಕೆ ಹಾನಿಮಾಡಬಹುದು. ಇದನ್ನು ಕೇಳಿದೊಡನೆ ಬೆಕ್ಕನ್ನು ಹೊರಗಟ್ಟುವ ಅಗತ್ಯವಿಲ್ಲ. ಆ ಜೀವಿ ಸೋಂಕು ತಗಲಿಸುವ ಸ್ಥಿತಿಗೆ ಬರಲು ಒಂದು ದಿನವಾದರೂ ಬೇಕು. ಗರ್ಭಿಣಿಯ ಬದಲು ಬೇರೆಯವರು ಶೌಚದ ತಟ್ಟೆಯನ್ನು ದಿನವೂ ಚೊಕ್ಕಟಗೊಳಿಸಿ, ಬೆಕ್ಕಿಗೆ ಹಸಿ ಮಾಂಸ ಹಾಕದಿದ್ದರೆ ಅಪಾಯ ಬಹಳಮಟ್ಟಿಗೆ ದೂರವಾಗುತ್ತದೆ. ಮನೆಯಲ್ಲಿ ಉಬ್ಬಸದ ಮಗುವಿದ್ದರೆ ಮಾತ್ರ ಬೆಕ್ಕನ್ನು ತರುವ ಮುನ್ನ ವೈದ್ಯರ ಸಲಹೆ ಅಗತ್ಯ. ಬೆಕ್ಕಿನ ಜೊಲ್ಲು ಚರ್ಮಗಳಿಂದ ಬರುವ ಅಲರ್ಜಿಯ ಕಣಗಳು ಅತಿ ಹಗುರವಾಗಿದ್ದು ಗಾಳಿಯಲ್ಲಿ ಬಹುಕಾಲ ತೇಲುತ್ತಿರುತ್ತವೆ. ಬೆಕ್ಕಿನ ಗೆಳೆಯರ ಮನೆಗೆ ಮಗುವನ್ನು ಕೆಲವು ಸಲ ಕರೆದೊಯ್ದು ನೋಡುವುದು ಖರ್ಚಿಲ್ಲದ ಪರೀಕ್ಷೆ.

ಊರಿನಿಂದ ಕರೆತಂದ ವೃದ್ಧ ತಂದೆತಾಯಿಗಳಿರುವ ಮನೆಯಲ್ಲಿ ಪ್ರಾಣಿಯಿಂದಾಗುವ ಲಾಭವನ್ನೂ ಹೇಳಬೇಕು. ಭಾಷೆ ತಿಳಿಯದ ನಗರದಲ್ಲಿ ಹಗಲೆಲ್ಲ ಗೋಡೆ ನೋಡುತ್ತ ಕೂರುವ ಹಿರಿಯರಿಗೆ ಕನ್ನಡದಲ್ಲಿಯೇ ಮಾತನಾಡಿಸಬಹುದಾದ ಒಂದು ಜೀವ ಮನೆಯಲ್ಲಿದ್ದರೆ ಅದು ಸಣ್ಣ ಸಮಾಧಾನವಲ್ಲ. ಶಾಂತ ಸ್ವಭಾವದ ನಾಯಿಯೊಂದಿಗೆ ದಿನವೂ ನಡೆಯುವುದು ಹೃದಯಕ್ಕೂ ಕೀಲುಗಳಿಗೂ ಒಳ್ಳೆಯದು. ಆದರೆ ಸರಪಳಿ ಎಳೆಯುವ ದೊಡ್ಡ ನಾಯಿಯನ್ನು ಅವರ ಕೈಗೆ ಕೊಡಕೂಡದು. ಬಿದ್ದು ತೊಡೆಮೂಳೆ ಮುರಿದರೆ ಆ ವೆಚ್ಚದ ಮುಂದೆ ಉಳಿದೆಲ್ಲ ವೆಚ್ಚಗಳೂ ಅಲ್ಪವಾಗುತ್ತವೆ. ಅಂಥ ಮನೆಗೆ ಬೆಕ್ಕೇ ಕ್ಷೇಮ.

ಕಾನೂನು ಮತ್ತು ನೆರೆಹೊರೆ

ನಾಯಿಯನ್ನು ನಗರಪಾಲಿಕೆಯಲ್ಲಿ ನೋಂದಾಯಿಸುವುದು ದೊಡ್ಡ ನಗರಗಳಲ್ಲಿ ಕಡ್ಡಾಯ. ಪುಣೆಯ ಪಾಲಿಕೆ 2022ರಲ್ಲಿ ಬೆಕ್ಕುಗಳಿಗೂ ಪರವಾನಗಿಯ ನಿಯಮವನ್ನು ತಂದಿತು. ಶುಲ್ಕ ಅಲ್ಪವೇ, ಅದನ್ನು ತಪ್ಪಿಸಿಕೊಳ್ಳುವುದು ಬುದ್ಧಿವಂತಿಕೆಯಲ್ಲ. ಸಾಕುಪ್ರಾಣಿಗಳನ್ನು ವಸತಿ ಸಂಘಗಳು ಬಹುಮತದ ನಿರ್ಣಯದಿಂದಲೂ ನಿಷೇಧಿಸುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ಹೇಳಿದೆ. ಹಕ್ಕು ಇದೆಯೆಂದು ಹೊಣೆಯನ್ನು ಮರೆಯುವಂತಿಲ್ಲ. ರಸ್ತೆಯಲ್ಲಿ ನಾಯಿ ಮಾಡಿದ ಗಲೀಜನ್ನು ಎತ್ತದ ಯಜಮಾನನು ತನ್ನ ನಾಯಿಗಷ್ಟೇ ಅಲ್ಲ, ಬಡಾವಣೆಯ ಎಲ್ಲ ನಾಯಿಗಳಿಗೂ ಶತ್ರುಗಳನ್ನು ಸೃಷ್ಟಿಸುತ್ತಾನೆ. ಬಾಡಿಗೆಯ ಮನೆಯಲ್ಲಿರುವವರಂತೂ ಹನ್ನೊಂದು ತಿಂಗಳ ಕರಾರು ಮುಗಿದಾಗ ಪ್ರಾಣಿಯೊಡನೆ ಬೇರೆ ಮನೆ ಹುಡುಕುವ ಕಷ್ಟವನ್ನು ಮೊದಲೇ ಯೋಚಿಸಬೇಕು.

ಕೊನೆಯ ಕಂತು

ಎಲ್ಲಕ್ಕಿಂತ ದೊಡ್ಡ ವೆಚ್ಚ ಬರುವುದು ಕೊನೆಯಲ್ಲಿ. ಮುದಿ ಬೆಕ್ಕಿಗೆ ಮೂತ್ರಪಿಂಡದ ರೋಗ, ಲ್ಯಾಬ್ರಡಾರ್ ಮತ್ತು ಜರ್ಮನ್ ಷೆಫರ್ಡ್ ನಾಯಿಗಳಿಗೆ ಸೊಂಟದ ಕೀಲಿನ ನೋವು ಸಾಮಾನ್ಯ. ರಕ್ತಪರೀಕ್ಷೆ, ಕ್ಷಕಿರಣ, ದಿನನಿತ್ಯದ ಔಷಧಿ, ಎದ್ದು ನಿಲ್ಲಲಾರದ ಪ್ರಾಣಿಯ ಶುಶ್ರೂಷೆ—ಇವಾವುವೂ ಮರಿಯ ಬೆಲೆಯನ್ನು ಕೇಳುವ ದಿನ ಮನಸ್ಸಿಗೆ ಬರುವುದಿಲ್ಲ. ಇದೇ ಹಂತದಲ್ಲಿ ಅನೇಕರು ತಮ್ಮ ನಾಯಿಯನ್ನು ಹೆದ್ದಾರಿಯ ಬದಿಯಲ್ಲಿಯೋ, ಬೆಕ್ಕನ್ನು ಮೀನು ಮಾರುಕಟ್ಟೆಯ ಹತ್ತಿರವೋ ಬಿಟ್ಟುಬರುತ್ತಾರೆ. ಹತ್ತು ವರ್ಷ ಮನೆಯ ಮಂಚದ ಮೇಲೆ ಮಲಗಿದ ಪ್ರಾಣಿ ಬೀದಿಯಲ್ಲಿ ಹತ್ತು ದಿನ ಬಾಳಲಾರದು. ಅಗ್ಗವೆಂದು ಬೆಕ್ಕನ್ನು ತಂದವರೂ, ಅಂತಸ್ತೆಂದು ನಾಯಿಯನ್ನು ತಂದವರೂ ಈ ಅಪರಾಧದಲ್ಲಿ ಸಮಭಾಗಿಗಳು. ತಿಂಗಳಿಗೊಂದಿಷ್ಟು ಹಣವನ್ನು ಪ್ರಾಣಿಯ ಮುಪ್ಪಿಗಾಗಿ ಪ್ರತ್ಯೇಕವಾಗಿ ಎತ್ತಿಡುವ ಸಂಸಾರಕ್ಕೆ ಮಾತ್ರ ಪ್ರಾಣಿಯನ್ನು ಸಾಕುವ ಅರ್ಹತೆಯಿದೆ ಎಂದರೆ ಕಠಿಣವಾದ ಮಾತಾಗಲಾರದು.

ಇಷ್ಟೆಲ್ಲ ಲೆಕ್ಕದ ಫಲಿತಾಂಶವನ್ನು ಹೀಗೆ ಹೇಳಬಹುದು. ದಂಪತಿಗಳಿಬ್ಬರೂ ದುಡಿಯುವ, ವರ್ಷಕ್ಕೆ ಹಲವು ಸಲ ಊರಿಗೆ ಹೋಗುವ, ಮೀನು ಮಾಂಸಗಳಿಗೆ ಅಡ್ಡಿಯಿಲ್ಲದ ಮನೆಗೆ ಬೆಕ್ಕು ಉಚಿತ. ಹಗಲಿನಲ್ಲಿ ಜನರಿರುವ, ನಡೆಯಲು ಬಿಡುವೂ ಶಕ್ತಿಯೂ ಇರುವ ಮನೆಗೆ, ಸಸ್ಯಾಹಾರದ್ದಾದರೂ ಸರಿಯೆ, ಮಧ್ಯಮ ಗಾತ್ರದ ದೇಶಿ ನಾಯಿ ಉತ್ತಮ. ಈ ನೆಲದ ಬಿಸಿಲು ಮಳೆಗಳಿಗೆ ಹೊಂದಿಕೊಂಡ ಅದರ ವೆಚ್ಚ ಬೆಕ್ಕಿನದಕ್ಕಿಂತ ತುಸು ಹೆಚ್ಚು ಮಾತ್ರ. ಹೊತ್ತೂ ಇಲ್ಲದ, ಜಾಗವೂ ಇಲ್ಲದ ಮನೆಯ ಮಕ್ಕಳಿಗೆ “ಈಗ ಬೇಡ” ಎಂದು ಹೇಳುವ ಧೈರ್ಯ ಹೆತ್ತವರಿಗಿರಬೇಕು. ಅಂಥ ಮಕ್ಕಳನ್ನು ಭಾನುವಾರಗಳಂದು ಪ್ರಾಣಿದಯಾ ಸಂಘದ ಆಶ್ರಯಧಾಮಕ್ಕೆ ಕರೆದೊಯ್ದರೆ ಪ್ರೀತಿಯೂ ಬೆಳೆಯುತ್ತದೆ, ಹೊಣೆಯೆಂದರೇನೆಂಬುದೂ ತಿಳಿಯುತ್ತದೆ.

ಮಹಾಭಾರತದ ಕೊನೆಯಲ್ಲಿ ಧರ್ಮರಾಯನು ತನ್ನನ್ನು ನಂಬಿ ಹಿಂದೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೂ ಬರಲೊಲ್ಲೆನೆಂದನು. ಮಹಾನಗರದ ಗೃಹಸ್ಥನ ಮುಂದೆ ಅಷ್ಟು ದೊಡ್ಡ ಪರೀಕ್ಷೆಯಿಲ್ಲ. ವರ್ಗಾವಣೆಯಾದಾಗ, ಮನೆ ಬದಲಿಸಿದಾಗ, ಮಗ ಪರದೇಶಕ್ಕೆ ಹೋದಾಗ, ಪ್ರಾಣಿಗೆ ಮುಪ್ಪು ಬಂದಾಗ ಅದರ ಕೈಬಿಡದಿರುವುದಷ್ಟೇ ಅವನ ಕರ್ತವ್ಯ. ಅದನ್ನು ನೆರವೇರಿಸಬಲ್ಲೆನೇ ಎಂಬ ಪ್ರಶ್ನೆಗೆ ಮೊದಲು ಉತ್ತರ ಕಂಡುಕೊಂಡು, ಆಮೇಲೆ ನಾಯಿಮರಿಯೋ ಬೆಕ್ಕಿನ ಮರಿಯೋ ಎಂಬುದನ್ನು ಯೋಚಿಸುವುದು ಲೇಸು.